ಮೂವತ್ತೊಂದು ತೋಟಗಳ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಹದಿನೆಂಟು ವರ್ಷ ಸಂಬಳ ತೆಗೆದುಕೊಂಡಿದ್ದು ತರಕಾರಿಯನ್ನು ಬೇಡವೆನ್ನುವುದಕ್ಕೆ.

ಹೆದ್ದಾರಿಯ ಬದಿಯಲ್ಲಿ ದೊಡ್ಡ ಅಂಗಡಿಯವರ ಗೋದಾಮು ಇತ್ತು. ಸುತ್ತಲಿನ ಹನ್ನೊಂದು ಪೇಟೆಗಳಲ್ಲಿ ಅವರ ಅಂಗಡಿಗಳು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ತಳ್ಳುಬುಟ್ಟಿ ಹಿಡಿದು ಓಡಾಡುವ ಜನ. ಅಷ್ಟೂ ಅಂಗಡಿಗಳಿಗೆ ತರಕಾರಿ ಹೋಗುತ್ತಿದ್ದದ್ದು ಈ ಗೋದಾಮಿನಿಂದ. ಲಾರಿಗಳು ಹಿಂದಕ್ಕೆ ಬಂದು ಆತುಕೊಳ್ಳುವ ಕಟ್ಟೆಯ ಮೇಲೆ ಚಿಕ್ಕಮ್ಮ ತಲೆಗೆ ಬಲೆಟೋಪಿ ಹಾಕಿಕೊಂಡು ನಿಂತಿರುತ್ತಿದ್ದಳು. ಪ್ರತಿ ಲಾರಿಯಿಂದ ನಾಲ್ಕು ಕ್ರೇಟು ಇಳಿಸಿಕೊಂಡು, ಟೊಮೆಟೊವನ್ನು ಬಳೆಯಂಥ ಅಳತೆಯಲ್ಲಿ ತೂರಿಸಿ ನೋಡಿ, ಸೌತೆಕಾಯಿಯನ್ನು ಅಡಿಪಟ್ಟಿಯ ಪಕ್ಕ ಇಟ್ಟು ಬಾಗು ಎಷ್ಟೆಂದು ನೋಡಿ, ಎಲೆಕೋಸನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ನೋಡಿ, ಕೊನೆಗೆ ಹಾಳೆಯ ಮೇಲೆ ಹಸಿರು ಮುದ್ರೆಯನ್ನೋ ಕೆಂಪು ಮುದ್ರೆಯನ್ನೋ ಒತ್ತಬೇಕು. ಕೆಂಪು ಬಿದ್ದರೆ ಲಾರಿ ಹಾಗೆಯೇ ವಾಪಸು.

ಮನೆಗೆ ಬಂದರೂ ಆ ಕಣ್ಣಿಗೆ ಬಿಡುವಿರುತ್ತಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು ಒಂದು ಬೆರಳು ಓರೆಯಾಗಿದ್ದರೂ ಸರಿ ಮಾಡಿಯೇ ಕೂರುವವಳು. ಚಿಕ್ಕಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕುಳ್ಳಗೆ, ಒಂದು ಭುಜ ಕೊಂಚ ಇಳಿಬಿದ್ದ ಮನುಷ್ಯ. "ಇವಳು ಮದುವೆಗೆ ಮುಂಚೆನೇ ಈ ಕೆಲಸಕ್ಕೆ ಸೇರಿದ್ದಿದ್ರೆ ನನಗೂ ಕೆಂಪು ಮುದ್ರೆನೇ ಬೀಳ್ತಿತ್ತು" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮನಿಗೆ ಇದ್ದ ಒಬ್ಬಳೇ ಅಕ್ಕ ನನ್ನ ಅಮ್ಮ. ಅಕ್ಕನಿಗೆ ಇದ್ದ ಒಬ್ಬಳೇ ಮಗಳು ನಾನು. ಹಾಗಾಗಿ ಎರಡು ಮನೆಗೂ ನಾನೇ ಮಗಳು.

ಅಮ್ಮನ ತೋಟ ಕಾಲುವೆಯ ಆಚೆ ದಂಡೆಯಲ್ಲಿತ್ತು. ಮುಕ್ಕಾಲು ಎಕರೆ. ಅಪ್ಪ ತೀರಿಹೋದ ಮೇಲೆ ಅಮ್ಮ ಒಬ್ಬಳೇ ಹುರುಳಿಕಾಯಿ ಬೆಳೆಯುತ್ತಿದ್ದಳು. ಕಾಲುವೆಯುದ್ದಕ್ಕೂ ಹಾಗೆಯೇ ಅರ್ಧ ಎಕರೆ, ಒಂದು ಎಕರೆಯ ತೋಟಗಳು. ಎಲ್ಲರೂ ಬೆಳಗಿನ ಜಾವ ಪೇಟೆಯ ಮಂಡಿಗೆ ಹೊತ್ತೊಯ್ದು, ಅಲ್ಲಿನ ದಲ್ಲಾಳಿ ಹರಾಜು ಕೂಗಿ ಕೊಟ್ಟಷ್ಟನ್ನು ತೆಗೆದುಕೊಂಡು ಬರುತ್ತಿದ್ದರು.

ಒಂದು ದಿನ ಮಂಡಿಯಲ್ಲಿ ಹುರುಳಿಕಾಯಿಯನ್ನು ಕೇಳುವವರೇ ಇರಲಿಲ್ಲವಂತೆ. ಅಮ್ಮ ಎರಡು ಮೂಟೆಗಳನ್ನು ಅದೇ ಆಟೋದಲ್ಲಿ ಹಾಕಿಕೊಂಡು ನೆಟ್ಟಗೆ ಗೋದಾಮಿನ ಗೇಟಿಗೆ ಹೋದಳು. ಕಾವಲಿನವನು ಒಳಗೆ ಬಿಡದೆ ತಂಗಿಯನ್ನು ಕರೆಸಿದ.

"ಅಕ್ಕಾ, ಇಲ್ಲಿ ನಂಬರ್ ಇರೋರ ಮಾಲು ಮಾತ್ರ ತಗೊಳ್ಳೋದು" ಎಂದಳು ಚಿಕ್ಕಮ್ಮ.

"ಯಾವ ನಂಬರ್ರೇ?"

"ಮಾಲು ಕೊಡೋರಿಗೆ ಕಂಪನಿಯವ್ರು ಒಂದು ನಂಬರ್ ಕೊಟ್ಟಿರ್ತಾರೆ. ಅದು ಬೇಕು ಅಂದ್ರೆ ದಿನಕ್ಕೆ ಕಮ್ಮಿ ಅಂದ್ರೂ ಐವತ್ತು ಕ್ರೇಟು ಕೊಡೋ ತಾಕತ್ತಿರಬೇಕು."

"ನನ್ನ ಹತ್ರ ಎರಡು ಮೂಟೆ ಇದೆ. ಚೆನ್ನಾಗಿಲ್ವಾ ನೋಡು."

ಚಿಕ್ಕಮ್ಮ ಒಂದು ಕಾಯಿಯನ್ನು ತೆಗೆದು ಮುರಿದಳು. ಪಟ್ ಎಂದು ಮುರಿಯಿತು, ನಾರೇ ಇರಲಿಲ್ಲ. "ಒಳಗೆ ಬಿದ್ದಿರೋ ಎಲ್ಲಾದಕ್ಕಿಂತ ಚೆನ್ನಾಗಿದೆ" ಎಂದಳು.

"ಮತ್ತೆ?"

ಚಿಕ್ಕಮ್ಮ ಮುರಿದ ಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ವಾಪಸು ಕಟ್ಟೆಗೆ ಹೋದಳು. ಅವತ್ತು ಮುನ್ನೂರು ಮೈಲಿ ದೂರದಿಂದ ಬಂದಿದ್ದ, ಬಾಡಿದ ಹುರುಳಿಕಾಯಿಯ ಲಾರಿಗೆ ಹಸಿರು ಮುದ್ರೆ ಒತ್ತಬೇಕಾಗಿ ಬಂತಂತೆ. ಉದ್ದ ಸರಿಯಿತ್ತು, ಬಣ್ಣ ಸರಿಯಿತ್ತು, ನಂಬರ್ ಇತ್ತು. ಆರು ತಿಂಗಳು ಮನಸ್ಸಿನಲ್ಲೇ ಲೆಕ್ಕ ಹಾಕಿ, ನಲವತ್ತಾರನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟಳು. ಒಬ್ಬೊಬ್ಬರದು ಒಂದೆರಡು ಮೂಟೆಯಾದರೆ ಎಲ್ಲರದ್ದೂ ಸೇರಿ ಐವತ್ತು ಕ್ರೇಟು ಆಗಲೇಬೇಕಲ್ಲ? ಎಲ್ಲರ ಹೆಸರಲ್ಲಿ ಒಂದೇ ನಂಬರ್. ಅಷ್ಟೇ ಅವಳ ಯೋಚನೆ.

ಕಾಲುವೆಯ ಎರಡೂ ದಂಡೆಯ ಮೇಲೆ ಮನೆಮನೆಗೆ ನಡೆದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಎರಡು ತಿಂಗಳು ಅದೇ ಕೆಲಸ. ಮೂವತ್ತೊಂದು ಮನೆಯವರು ಒಪ್ಪಿದರು. ಮುಚ್ಚಿಹೋಗಿದ್ದ ಒಂದು ಮರಗೆಲಸದ ಕಾರ್ಖಾನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದಳು. ಅದರ ತೊಲೆಗಳ ಮೇಲೆ ಎಷ್ಟೋ ವರ್ಷಗಳ ಮರದ ಪುಡಿ ಕೂತಿತ್ತು. ಗಾಳಿ ಬೀಸಿದಾಗಲೆಲ್ಲ ಕೋಸಿನ ಮೇಲೆ ಉದುರುತ್ತಿತ್ತು. ಚಿಕ್ಕಪ್ಪ ಏಣಿ ಹತ್ತಿ ಮೂರು ಭಾನುವಾರ ಒರೆಸಿದರು. ತೊಳೆಯುವುದಕ್ಕೆ ಉದ್ದನೆಯ ತೊಟ್ಟಿ, ಆರಿಸುವುದಕ್ಕೆ ತಗಡಿನ ಮೇಜು, ಒಂದು ಹಳೆಯ ವ್ಯಾನು. ನಾನು ಪೇಟೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ಶೆಡ್ಡಿಗೆ ಹೋಗಿ ಕಂಪ್ಯೂಟರಿನಲ್ಲಿ ಆರ್ಡರು ನೋಡಿ, ಪ್ರತಿ ಮನೆಗೊಂದು ಸಂಖ್ಯೆಯ ಚೀಟಿ ಮುದ್ರಿಸಿ ಕ್ರೇಟುಗಳಿಗೆ ಅಂಟಿಸಿ ಆಮೇಲೆ ಅಂಗಡಿಗೆ ಹೋಗುತ್ತಿದ್ದೆ. ಅಮ್ಮನ ಮನೆ ಏಳನೆಯದು.

ಗೋದಾಮಿನ ಖರೀದಿ ಸಾಹೇಬರು ಚಿಕ್ಕಮ್ಮನನ್ನು ಬಲ್ಲವರು. "ನಿಮ್ಮ ಕಣ್ಣಿನ ಮೇಲೆ ನಂಬಿಕೆ ಇದೆ ಅಂತ ಕೊಡ್ತಿದ್ದೀನಿ" ಎಂದು ನಂಬರ್ ಕೊಟ್ಟರು.

ಮೊದಲ ವರ್ಷ ಶೆಡ್ಡಿನಲ್ಲಿ ನಗು ಇತ್ತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಆಮೇಲಿನದು ಅರ್ಥವಾಗುವುದಿಲ್ಲ. ಹನ್ನೆರಡು ಮತ್ತು ಹದಿಮೂರನೆಯ ಸಂಖ್ಯೆಯವರು ಅವಳಿಗಳು. ಕೋಸು ಬೆಳೆಯುತ್ತಿದ್ದರು. ಇಬ್ಬರ ತೋಟಕ್ಕೂ ಮಧ್ಯೆ ಒಂದೇ ಬದು, ಮುಖವೂ ಒಂದೇ, ಆದರೆ ತಮ್ಮಪ್ಪನ ಸೈಕಲ್ಲು ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಸೈಕಲ್ಲು ತುಕ್ಕು ಹಿಡಿದು ಗುಜರಿಗೆ ಹೋಗಿ ಯಾವ ಕಾಲವಾಗಿತ್ತೋ. "ಅವನ ಕೋಸಿನ ಜೊತೆ ನನ್ನ ಕೋಸು ಒಂದೇ ಕ್ರೇಟಲ್ಲಿ ಹಾಕ್ಬೇಡಿ" ಎಂದು ಇಬ್ಬರೂ ಬೇರೆಬೇರೆಯಾಗಿ ಬಂದು ಹೇಳಿದರು. ಚಿಕ್ಕಮ್ಮ, "ಕೋಸುಗಳು ಜಗಳ ಆಡಲ್ಲ ಬಿಡಿ" ಎಂದು ಅವರ ಎದುರಿಗೇ ಒಂದರ ಮೇಲೊಂದು ಜೋಡಿಸಿದಳು. ಇಬ್ಬರೂ ಬೇರೆ ದಿಕ್ಕಿಗೆ ಮುಖ ತಿರುಗಿಸಿ ನಿಂತರು. ಆ ನಿಲುವು ಕೂಡ ಒಂದೇ ಥರ.

ಇಪ್ಪತ್ತನೆಯ ಸಂಖ್ಯೆ ಒಬ್ಬ ಅಜ್ಜಿಯದು. ಎಪ್ಪತ್ತು ದಾಟಿದವಳು, ಮನೆಯ ಹಿಂದೆ ಸೌತೆ ಬಳ್ಳಿ. ದಿನಾ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ತಾನೇ ಬರುತ್ತಿದ್ದಳು. ದೊಡ್ಡ ಅಂಗಡಿಯವರು ಅವಳದೊಂದು ಫೋಟೊ ತೆಗೆದು, ಆಳೆತ್ತರ ಮಾಡಿಸಿ, "ನಿಮ್ಮ ನೆರೆಯ ತೋಟದಿಂದ" ಎಂದು ಬರೆಸಿ ಹನ್ನೊಂದು ಅಂಗಡಿಗಳಲ್ಲೂ ನಿಲ್ಲಿಸಿದರು. ನಾನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದೆ. ಅಜ್ಜಿ ತನ್ನನ್ನೇ ಮೇಲಿನಿಂದ ಕೆಳಗೆ ನೋಡಿ, "ಸ್ವಲ್ಪ ಮುಂಚೆ ಹೇಳಿದ್ದಿದ್ರೆ ಒಳ್ಳೇ ಸೀರೆ ಉಟ್ಕೊಳ್ತಿದ್ದೆ" ಎಂದಳು.

ಎರಡನೆಯ ವರ್ಷ ಖರೀದಿ ಸಾಹೇಬರಿಗೆ ವರ್ಗವಾಯಿತು. ಹೊಸದಾಗಿ ಬಂದವರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. ಕೆಟ್ಟವರೆಂದು ಹೇಳಲಾರೆ, ಅವರ ಮೇಲೂ ಯಾರೋ ಇದ್ದರು, ಅವರ ಮೇಲೆ ಇನ್ಯಾರೋ. ನಿಯಮಗಳು ಒಂದೊಂದಾಗಿ ಬಂದವು. ಸೌತೆಕಾಯಿ ಇಷ್ಟೇ ಉದ್ದ. ಕೋಸು ಇಷ್ಟೇ ತೂಕ. ಅಂಗಡಿಯವರು ಹೇಳಿದ ತಳಿಯ ಬೀಜವನ್ನೇ ಬಿತ್ತಬೇಕು. ಪ್ರತಿ ತೋಟದವರೂ ಯಾವತ್ತು ಏನು ಸಿಂಪಡಿಸಿದರೆಂದು ದಿನಚರಿ ಬರೆದಿಡಬೇಕು. ಕೊಯ್ಲಿಗೆ ಹದಿನೈದು ದಿನ ಮುಂಚೆ ಔಷಧಿ ನಿಲ್ಲಿಸಬೇಕು. ನಾಲ್ಕು ಕ್ರೇಟಿನಲ್ಲಿ ಒಂದು ಕ್ರೇಟು ಅಳತೆ ತಪ್ಪಿದರೂ ಇಡೀ ಲೋಡು ವಾಪಸು.

ಚಿಕ್ಕಮ್ಮ ಎಲ್ಲಕ್ಕೂ ತಲೆದೂಗಿದಳು. ಆ ಭಾಷೆ ಅವಳಿಗೆ ಗೊತ್ತಿದ್ದದ್ದೇ. ಅಕ್ಷರ ಬಾರದ ಮನೆಗಳಿಗೆ ತಾನೇ ಹೋಗಿ ದಿನಚರಿ ಬರೆದು ಬರುತ್ತಿದ್ದಳು. ಜನ ತಮ್ಮ ಹಳೆಯ ಬೀಜಗಳನ್ನು ಬಿಟ್ಟು ಹೊಸ ಬೀಜ ಬಿತ್ತಿದರು. ಮಂಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಬೇಸಿಗೆಯ ಒಂದು ಬೆಳಿಗ್ಗೆ ತೊಂಬತ್ತು ಕ್ರೇಟಿನ ಲೋಡು ಹೋಯಿತು. ಅವತ್ತು ರಜೆಯಿದ್ದದ್ದರಿಂದ ವ್ಯಾನು ಓಡಿಸಿದ್ದು ಚಿಕ್ಕಪ್ಪ; ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ಕಟ್ಟೆಯ ಮೇಲೆ ಚಿಕ್ಕಮ್ಮನ ಜಾಗದಲ್ಲಿ ಈಗ ಬೇರೊಬ್ಬ ಹೆಂಗಸು, ಚಿಕ್ಕಮ್ಮನೇ ಪಳಗಿಸಿದವಳು. ಅವಳು ತೆಗೆದ ನಾಲ್ಕು ಕ್ರೇಟಿನಲ್ಲಿ ಒಂದು ಅಜ್ಜಿಯದು. ಸೌತೆಕಾಯಿಗಳು ಬಿಸಿಲಿಗೆ ಕುಡುಗೋಲಿನ ಹಾಗೆ ಬಾಗಿದ್ದವು. ಅವಳು ಒಂದನ್ನು ಅಡಿಪಟ್ಟಿಯ ಪಕ್ಕ ಇಟ್ಟಳು, ಇನ್ನೊಂದನ್ನು ಇಟ್ಟಳು, ಮೂರನೆಯದನ್ನು ಇಡಲಿಲ್ಲ.

"ಅಕ್ಕಾ, ನೀವೇ ಹೇಳಿ. ನೀವಿದ್ದಿದ್ರೆ ಏನ್ಮಾಡ್ತಿದ್ರಿ?" ಎಂದಳು.

ಚಿಕ್ಕಮ್ಮ ಮೂರನೆಯದನ್ನು ತಾನೇ ಅಡಿಪಟ್ಟಿಯ ಪಕ್ಕ ಇಟ್ಟು ನೋಡಿದಳು. "ಒತ್ತಮ್ಮ" ಎಂದಳು.

ಕೆಂಪು ಬಿತ್ತು. ತೊಂಬತ್ತು ಕ್ರೇಟುಗಳೂ ವಾಪಸು. ಮಂಡಿಗೆ ಹೋದರೆ ಹರಾಜು ಮುಗಿದು ಕಸ ಗುಡಿಸುತ್ತಿದ್ದರು. ಬಿಸಿಲು ಏರಿತ್ತು, ವ್ಯಾನಿನೊಳಗೆ ಸೊಪ್ಪು ಬೇಯತೊಡಗಿತ್ತು. ಎರಡು ಹಾಸ್ಟೆಲ್ಲು, ಒಂದು ಆಸ್ಪತ್ರೆಯ ಅಡುಗೆಮನೆ ಸುತ್ತಿ ಸಿಕ್ಕಷ್ಟು ಇಳಿಸಿದೆವು. ಉಳಿದದ್ದನ್ನು ದನಗಳ ಕೊಟ್ಟಿಗೆಯೊಂದರ ಮುಂದೆ ಸುರಿದೆವು. ಅಲ್ಲಿನ ಎಮ್ಮೆಯೊಂದು ಟೊಮೆಟೊವನ್ನು ಮೂಸಿ ಮುಖ ತಿರುಗಿಸಿತು. "ಇದೂ ಕೆಂಪು ಮುದ್ರೆನೇ" ಎಂದರು ಚಿಕ್ಕಪ್ಪ. ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಒಂದೇ ತಿಂಗಳಲ್ಲಿ ಇನ್ನೆರಡು ಸಲ ಹಾಗಾಯಿತು. ಹೊಸ ಸಾಹೇಬರು ಕರೆಸಿದರು. "ನಿಮ್ಮ ತೋಟಗಳು ತುಂಬ ಜಾಸ್ತಿ ಆಯ್ತು ಮೇಡಂ. ಮೂವತ್ತೊಂದು ಕೈ ಇದ್ರೆ ಮಾಲು ಒಂದೇ ಥರ ಬರೋದು ಕಷ್ಟ. ಒಳ್ಳೇ ಹತ್ತು ಹನ್ನೆರಡು ಇಟ್ಕೊಳ್ಳಿ. ಇಲ್ಲಾಂದ್ರೆ ನಂಬರ್ ಉಳಿಸೋಕೆ ನನ್ನ ಕೈಲಾಗಲ್ಲ."

ಚಿಕ್ಕಮ್ಮ ಒಂದು ವಾರ ಶೆಡ್ಡಿನ ಮೂಲೆಯಲ್ಲಿ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತಳು. ಯಾರ ಮಾಲು ಎಷ್ಟು ಸಲ ತಿರುಗಿ ಬಂದಿದೆ ಎಂದು ಪಟ್ಟಿ ಮಾಡಿದಳು. ಒಂದು ಮಧ್ಯಾಹ್ನ ಎಲ್ಲರನ್ನೂ ಕರೆಸಿದಳು. ಮಗುಚಿ ಹಾಕಿದ ಕ್ರೇಟುಗಳ ಮೇಲೆ ಎಲ್ಲರೂ ಕೂತರು. ಚಿಕ್ಕಮ್ಮ ತಗಡಿನ ಮೇಜಿನ ಹಿಂದೆ ನಿಂತು, ತಲೆ ಎತ್ತದೆ, ಇನ್ನು ಮುಂದೆ ಮಾಲು ತರಬಾರದ ಹತ್ತೊಂಬತ್ತು ಮನೆಗಳ ಸಂಖ್ಯೆಯನ್ನು ಓದಿದಳು. ಹೆಸರು ಓದಲಿಲ್ಲ. ಬರೀ ಸಂಖ್ಯೆ. ಮೂರು, ನಾಲ್ಕು, ಏಳು.

ಏಳು ಎಂದಾಗ ನಾನು ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಸುತ್ತುವುದು ನಿಂತಿತು. ಹದಿಮೂರು ಎಂದಾಗ ಅವಳಿಗಳಲ್ಲಿ ತಮ್ಮನಾದವನು ಎದ್ದು ನಿಂತು, ಹಾಗೆಯೇ ಕೂತ. ಇಪ್ಪತ್ತು ಎಂದಾಗ ಅಜ್ಜಿ ಪಕ್ಕದವಳನ್ನು, "ಇಪ್ಪತ್ತು ಅಂದ್ರೆ ನಾನೇ ಅಲ್ವಾ?" ಎಂದು ಕೇಳಿದಳು.

ಎಲ್ಲರೂ ಹೋದ ಮೇಲೆ ಅಮ್ಮ ಹಿಂದುಳಿದಳು.

"ಅಕ್ಕಾ, ನಿನ್ನದು ಉದ್ದ ಒಂದೇ ಸಮ ಬರ್ತಿರಲಿಲ್ಲ. ನಿನ್ನನ್ನ ಉಳಿಸ್ಕೊಂಡಿದ್ರೆ ಬೇರೆಯವ್ರ ಮುಖಕ್ಕೆ ಮುಖ ಕೊಡೋಕಾಗ್ತಿರಲಿಲ್ಲ" ಎಂದಳು ಚಿಕ್ಕಮ್ಮ.

"ನಿನ್ನ ಮೇಲೆ ಸಿಟ್ಟಿಲ್ಲ ಕಣೆ" ಎಂದಳು ಅಮ್ಮ. "ಓದೋವಾಗ ಒಂದು ಸಲ ತಲೆ ಎತ್ತಬೇಕಿತ್ತು. ಅಷ್ಟೇ."

ಅಮ್ಮ ಕಾಲುವೆಯ ದಾರಿ ಹಿಡಿದು ಹೋದಳು. ಚಿಕ್ಕಮ್ಮ ಮೇಜನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಹೊರಬಿದ್ದ ಹತ್ತೊಂಬತ್ತು ಮನೆಯವರು ಮಂಡಿಗೆ ಹೋದರೆ ಅಲ್ಲಿ ಅವರ ಜಾಗದಲ್ಲಿ ಬೇರೆಯವರು ಕೂತಿದ್ದರು. "ಎರಡು ವರ್ಷ ಎಲ್ಲಿ ಹೋಗಿದ್ರಿ? ಗಾಜಿನ ಬಾಗಿಲು ಸಾಕಾಯ್ತಾ?" ಎಂದ ದಲ್ಲಾಳಿ. ಹೊಸ ಬೀಜದ ಸೌತೆಕಾಯಿ ಮಂಡಿಯ ಗಿರಾಕಿಗೆ ರುಚಿಸಲಿಲ್ಲ; ಹಳೆಯ ಬೀಜ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಒಬ್ಬೊಬ್ಬರೇ ತೋಟದ ಕೆಲಸ ಕಡಿಮೆ ಮಾಡಿದರು. ಅಜ್ಜಿಯ ಮನೆಯವರು ಸೌತೆ ಬಳ್ಳಿಯನ್ನು ಕಿತ್ತು, ಆ ಜಾಗವನ್ನು ಲಾರಿ ನಿಲ್ಲಿಸುವುದಕ್ಕೆ ಬಾಡಿಗೆಗೆ ಕೊಟ್ಟರು. ಆಗಲೂ ಅಂಗಡಿಗಳಲ್ಲಿ ಅವಳ ಫೋಟೊ ಹಾಗೆಯೇ ನಿಂತಿತ್ತು. ಅದರ ಕೆಳಗೆ ಎಲ್ಲಿಂದಲೋ ಬಂದ, ಅಳತೆ ಹಿಡಿದು ಕತ್ತರಿಸಿದಂಥ ಸೌತೆಕಾಯಿಗಳು. ತೆಗೆಯಿರಿ ಎಂದು ಚಿಕ್ಕಮ್ಮ ಎರಡು ಸಲ ಪತ್ರ ಬರೆಸಿದಳು. ನಾನೇ ಟೈಪ್ ಮಾಡಿದ್ದೆ. ಉತ್ತರ ಬರಲಿಲ್ಲ.

ಉಳಿದ ಹನ್ನೆರಡು ಮನೆಗಳ ಮಾಲು ಕನ್ನಡಿಯಲ್ಲಿ ನೋಡಿಕೊಂಡಂತೆ ಒಂದೇ ಥರ ಬರತೊಡಗಿತು. ಒಂದು ದಿನವೂ ಹಸಿರು ಮುದ್ರೆ ತಪ್ಪಲಿಲ್ಲ. ಶೆಡ್ಡಿನಲ್ಲಿ ಮಾತ್ರ ಮಾತು ಕಡಿಮೆಯಾಯಿತು. ಕ್ರೇಟು ಇಳಿಸಿ, ಚೀಟಿ ಅಂಟಿಸಿಕೊಂಡು, ಎಲ್ಲರೂ ಬೇಗ ಹೊರಟುಬಿಡುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ದಿನ ಚಿಕ್ಕಮ್ಮ ಹನ್ನೆರಡನೆಯ ಸಂಖ್ಯೆಯ ಕೋಸನ್ನು ತೊಳೆಯುತ್ತಿದ್ದವಳು ನಿಂತಳು. ಹನ್ನೆರಡು ಅವಳಿಗಳಲ್ಲಿ ಅಣ್ಣನದು, ಪಟ್ಟಿಯಲ್ಲಿ ಉಳಿದವನದು. ಅವನು ದಂಟನ್ನು ಚಪ್ಪಟೆಯಾಗಿ ಕೊಯ್ಯುತ್ತಿದ್ದ. ತಮ್ಮ ಎಡಗೈಯವನು, ಓರೆಯಾಗಿ ಕೊಯ್ಯುತ್ತಿದ್ದ. ಹತ್ತು ಕ್ರೇಟಿನಲ್ಲಿ ನಾಲ್ಕು ಕ್ರೇಟಿನ ಕೋಸಿನ ದಂಟು ಓರೆಯಾಗಿತ್ತು. ಮರುದಿನವೂ ಹಾಗೆಯೇ. ಅಷ್ಟು ವರ್ಷ ಮಾತು ಬಿಟ್ಟವರು ಬದುವಿನ ಮೇಲೆ ನಿಂತು ಮಾತಾಡಿಕೊಂಡಿದ್ದರು. ತಮ್ಮನ ಕೋಸು ಅಣ್ಣನ ಸಂಖ್ಯೆಯಲ್ಲಿ ಬರುತ್ತಿತ್ತು.

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನನಗೂ ಕಂಡಿತ್ತು.

"ಕೋಸು ಚೆನ್ನಾಗೇ ಇದೆ" ಎಂದಳು. ಕ್ರೇಟನ್ನು ಮುಂದಕ್ಕೆ ತಳ್ಳಿದಳು. ತಿಂಗಳುಗಳ ಮೇಲೆ ಅವಳ ಮುಖದಲ್ಲಿ ಅವತ್ತು ಒಂದಿಷ್ಟು ಗೆಲುವು ಕಂಡೆ.

ಪಟ್ಟಿಯಿಂದ ಹೊರಬಿದ್ದ ಮೇಲೆ ತಮ್ಮನ ತೋಟಕ್ಕೆ ದಿನಚರಿ ಬರೆಯಲು ಯಾರೂ ಹೋಗಿರಲಿಲ್ಲ. ಕೋಸಿಗೆ ಹುಳ ಬಿತ್ತು. ಅವನು ಔಷಧಿ ಹೊಡೆದು ನಾಲ್ಕೇ ದಿನಕ್ಕೆ ಕೊಯ್ದ. ದೊಡ್ಡ ಅಂಗಡಿಯವರು ಆಗಾಗ ಯಾವುದಾದರೊಂದು ತರಕಾರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ವಾರ ಹೋದದ್ದು ಹನ್ನೆರಡನೆಯ ಸಂಖ್ಯೆಯ ಕೋಸು.

ಸಾಹೇಬರ ಕೋಣೆಗೆ ನಾನೂ ಚಿಕ್ಕಮ್ಮನೂ ಹೋದೆವು. ಗಾಜಿನ ಮೇಜು, ಗೋಡೆಯ ಮೇಲೆ ಹನ್ನೊಂದು ಅಂಗಡಿಗಳ ಚಿತ್ರ. ಸಾಹೇಬರು, ಕೋಸಿನಲ್ಲಿ ಔಷಧಿ ಉಳಿದಿದೆ ಎಂಬ ವರದಿಯನ್ನು ನಮ್ಮ ಕಡೆ ತಿರುಗಿಸಿ ಇಟ್ಟರು.

"ಹನ್ನೆರಡರ ದಿನಚರಿಯಲ್ಲಿ ಸಿಂಪಡಣೆ ಇಲ್ಲ. ಅಂದ್ರೆ ಇದು ಆ ತೋಟದ್ದಲ್ಲ, ಅಲ್ವಾ? ಯಾರದ್ದೋ ಸೇರಿಸಿದ್ದಾರೆ. ಯಾರದ್ದು ಅಂತ ಬರೆದುಕೊಡಿ ಮೇಡಂ. ಕೊಟ್ಟೋರು, ಸೇರಿಸ್ಕೊಂಡೋರು, ಇಬ್ಬರನ್ನೂ ತೆಗೆದುಹಾಕಿ. ಅವರಿಬ್ಬರ ಮೇಲೆ ದೂರು ದಾಖಲಾಗುತ್ತೆ, ನಿಜ. ಆದ್ರೆ ಉಳಿದೋರಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ."

ಚಿಕ್ಕಮ್ಮ, "ಸ್ವಲ್ಪ ಹೊರಗೆ ಹೋಗಿ ಬರ್ತೀನಿ" ಎಂದು ಎದ್ದಳು. ಕಟ್ಟೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಲಾರಿಯೊಂದು ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು, "ಚಿಕ್ಕಮ್ಮ, ಹೇಳಿಬಿಡು. ಹನ್ನೊಂದು ಮನೆ ಉಳಿಯುತ್ತೆ" ಎಂದೆ. ಅದು ನನಗೆ ಆಗ ಸರಿಯಾಗಿಯೇ ಕಂಡಿತ್ತು. ಅವಳು ಎದ್ದು ಸೀರೆಗೆ ಹತ್ತಿದ ಧೂಳನ್ನು ಕೊಡವಿಕೊಂಡಳು. ಆಮೇಲೆ ಒಳಗೆ ಹೋಗಿ, "ಶೆಡ್ಡು ನಂದು. ಅಲ್ಲಿಂದ ಬಂದ ಕೋಸು ನಂದೇ. ಬೇರೆ ಹೆಸರು ಬರೆದುಕೊಡೋಕೆ ನನ್ನ ಹತ್ರ ಇಲ್ಲ" ಎಂದಳು.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆ ವಾರದ ಕೊನೆಗೆ ನಂಬರ್ ರದ್ದಾಯಿತು.

ಹನ್ನೆರಡು ಮನೆಯವರು ಶೆಡ್ಡಿಗೆ ಬಂದರು. ಈ ಸಲ ಯಾರೂ ಕೂರಲಿಲ್ಲ. ಅವರಲ್ಲಿ ದೊಡ್ಡ ತೋಟದವರೊಬ್ಬರಿದ್ದರು. ಹನಿ ನೀರಾವರಿಯ ಕಪ್ಪು ಪೈಪುಗಳನ್ನು ಎಲ್ಲರಿಗಿಂತ ಮೊದಲು ಹಾಕಿಸಿದ್ದಕ್ಕೆ ಎಲ್ಲರೂ ಅವರನ್ನು ಪೈಪಿನವರು ಎನ್ನುತ್ತಿದ್ದರು. ಅವರೇ ಕೇಳಿದರು.

"ಒಬ್ಬನ ಹೆಸರು ಹೇಳಿದ್ರೆ ನಾವೆಲ್ಲ ಉಳೀತಿದ್ವಿ. ಅವತ್ತು ಹತ್ತೊಂಬತ್ತು ಜನರನ್ನ ತೆಗೆಯೋವಾಗ ನಿಮಗೆ ಕಷ್ಟ ಆಗ್ಲಿಲ್ಲ. ಇವತ್ತು ಒಬ್ಬನಿಗೋಸ್ಕರ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ್ರಲ್ಲಮ್ಮ, ಇದು ಯಾವ ನ್ಯಾಯ?"

"ನ್ಯಾಯ ಅಂತ ಮಾಡಿದ್ದಲ್ಲ" ಎಂದಳು ಚಿಕ್ಕಮ್ಮ. "ಒಂದು ಸಲ ಪಟ್ಟಿ ಓದಿದೆ. ಇನ್ನೊಂದು ಸಲ ಓದೋಕೆ ನನ್ನ ಕೈಲಾಗ್ಲಿಲ್ಲ."

ಹದಿನೈದು ದಿನದಲ್ಲಿ ಪೈಪಿನವರಿಗೂ ಇನ್ನಿಬ್ಬರಿಗೂ ಅಂಗಡಿಯವರು ನೇರವಾಗಿ ಬೇರೆ ನಂಬರ್ ಕೊಟ್ಟರು. ಅಷ್ಟು ದೊಡ್ಡ ತೋಟಗಳು ಆ ಮೂರೇ. ಅವರು ಬಂದು ಹೇಳಿಯೇ ಹೋದರು. "ನಮಗೂ ಸಂಸಾರ ಇದೆ, ತಪ್ಪು ತಿಳ್ಕೋಬೇಡಿ" ಎಂದರು ಪೈಪಿನವರು. ತೊಳೆಯುವ ತೊಟ್ಟಿಯನ್ನು ಅವರೇ ಕೊಂಡರು. ಉಳಿದ ಒಂಬತ್ತು ಮನೆಗಳು ಆ ಹತ್ತೊಂಬತ್ತರ ಜೊತೆ ಸೇರಿಕೊಂಡವು.

ಎಲ್ಲರಿಗಿಂತ ಹೆಚ್ಚು ಸಿಟ್ಟು ಮಾಡಿಕೊಂಡವನು ಅವಳಿ ತಮ್ಮ. ಶೆಡ್ಡು ಖಾಲಿ ಮಾಡುವ ದಿನ ಬಂದು ಬಾಗಿಲಲ್ಲೇ ನಿಂತ.

"ನನ್ನ ಹೆಸರು ಹೇಳ್ಬಿಡಬೇಕಿತ್ತು ನೀವು. ನಾನೇನು ಉಳಿಸಿ ಅಂತ ಕೇಳಿದ್ನಾ? ಈಗ ಕಾಲುವೆ ಉದ್ದಕ್ಕೂ ಜನ ನನ್ನ ಕಂಡ್ರೆ ಉಗೀತಾರೆ. ನಿಮಗೇನು, ಒಳ್ಳೆಯವರಾಗ್ಬಿಟ್ರಿ."

ಚಿಕ್ಕಮ್ಮ ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿದಳು. ಅಣ್ಣ ತಮ್ಮ ಮತ್ತೆ ಮಾತು ಬಿಟ್ಟರು. ಈ ಸಲದ ಜಗಳಕ್ಕೆ ಸೈಕಲ್ಲಿನಂಥ ನೆಪ ಬೇಕಾಗಿರಲಿಲ್ಲ.

ಆಮೇಲೆ ಚಿಕ್ಕಮ್ಮ ಒಂದು ಕೆಲಸ ಮಾಡಿದಳು. ಅದನ್ನು ನಾನು ಬೇಡವೆಂದಿದ್ದೆ. ಮೂರು ಮನೆ ಬಿಟ್ಟು ಮಿಕ್ಕ ಎಲ್ಲ ಮನೆಗೂ ಒಂದೊಂದಾಗಿ ಹೋದಳು. ಹೋಗಿ, "ನಾನೇ ಕರ್ಕೊಂಡು ಬಂದೆ, ನಾನೇ ಕೈಬಿಟ್ಟೆ. ತಪ್ಪಾಯ್ತು" ಎಂದು ಹೇಳಿ ಬರುತ್ತಿದ್ದಳು. ಕೆಲವರು ಕೂರಿಸಿ ನೀರು ಕೊಟ್ಟರು. ಕೆಲವರು, "ಆಗಿದ್ದಾಯ್ತು ಬಿಡಮ್ಮ" ಎಂದು ಹೊಟ್ಟೆಗೆ ಹಾಕಿಕೊಂಡರು. ಒಂದು ಮನೆಯಲ್ಲಿ ಕಿಟಕಿಯಿಂದ ನೋಡಿ ಬಾಗಿಲು ತೆಗೆಯಲಿಲ್ಲ. ಅಜ್ಜಿಯ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಇವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನೀನ್ಯಾರಮ್ಮ?" ಎಂದಳಂತೆ. ಅವತ್ತು ಮನೆಗೆ ಬಂದ ಚಿಕ್ಕಮ್ಮ ಊಟಕ್ಕೆ ಏಳಲಿಲ್ಲ.

ಚಿಕ್ಕಪ್ಪ ವ್ಯಾನಿಗೆ ಬಣ್ಣ ಬಳಿಸಿ ಶಾಲೆಯ ಮಕ್ಕಳನ್ನು ಬಿಡುವುದಕ್ಕೆ ಓಡಿಸತೊಡಗಿದರು. ಚಿಕ್ಕಮ್ಮ ಬಸ್ ನಿಲ್ದಾಣದ ವಾಹನ ನಿಲ್ಲಿಸುವ ಜಾಗದಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಸೇರಿದಳು. ತಗಡಿನ ಗೂಡು, ಒಂದು ಸ್ಟೂಲು, ಮೊಳೆಗೆ ನೇತುಹಾಕಿದ ಹಿತ್ತಾಳೆ ಬಿಲ್ಲೆಗಳು. ಪರಿಚಯದವರು ಗಾಡಿ ನಿಲ್ಲಿಸಲು ಬಂದರೆ ಬಿಲ್ಲೆ ಕೊಟ್ಟು ಬೇರೆ ಕಡೆ ನೋಡುತ್ತಾಳೆ. ಮನೆಗೆ ತರಕಾರಿ ತರುವುದು ಈಗ ಚಿಕ್ಕಪ್ಪ. ಕೊಳೆತ ಟೊಮೆಟೊ ತಂದರೂ ಅವಳು ಒಂದು ಮಾತು ಆಡುವುದಿಲ್ಲ. ಬೇಕೆಂದೇ ಒಮ್ಮೆ ಕೊಳೆತದ್ದನ್ನೇ ಆರಿಸಿ ತಂದಿದ್ದರಂತೆ, ಬೈಯಲಿ ಎಂದು. ಅವಳು ಸುಮ್ಮನೆ ಹೆಚ್ಚಿದಳು. "ಬೈದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಗೊತ್ತಾ" ಎಂದು ಚಿಕ್ಕಪ್ಪ ನನ್ನ ಹತ್ತಿರ ಹೇಳಿದರು.

ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಿದವರಿದ್ದಾರೆ. ಮೊದಲ ಪಟ್ಟಿಯನ್ನೇ ಓದಬಾರದಿತ್ತೋ, ಎರಡನೆಯದನ್ನೂ ಓದಿಬಿಡಬೇಕಿತ್ತೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಮೊದಲನೆಯದನ್ನು ಓದದಿದ್ದರೂ ಆ ನಂಬರ್ ಉಳಿಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ.

ಹೋದ ತಿಂಗಳು ಅಮ್ಮ ಹುರುಳಿಕಾಯಿ ಸಾಕು ಎಂದು ತೀರ್ಮಾನಿಸಿದಳು. ಕಾಯಿ ಬಲಿತು ಬಳ್ಳಿಯಲ್ಲೇ ಒಣಗುತ್ತಿತ್ತು. ಬಳ್ಳಿಗೆ ಆಸರೆ ಕೊಟ್ಟಿದ್ದ ಕೋಲುಗಳನ್ನು ಕೀಳುತ್ತಿದ್ದೆವು, ನಾನೂ ಅಮ್ಮನೂ. ಬೆಳಿಗ್ಗೆ ಹತ್ತರ ಹೊತ್ತಿಗೆ ಚಿಕ್ಕಮ್ಮ ಬದುವಿನ ಮೇಲೆ ಬಂದು ನಿಂತಳು. ರಜೆ ಹಾಕಿದ್ದಳೋ ಏನೋ. ಪಟ್ಟಿ ಓದಿದ ಆ ಮಧ್ಯಾಹ್ನದ ಮೇಲೆ ಅವಳು ಅಮ್ಮನ ತೋಟಕ್ಕೆ ಕಾಲಿಟ್ಟಿರಲಿಲ್ಲ. ಅಮ್ಮನ ಮನೆಗೆ ಬಂದು ತಪ್ಪಾಯ್ತು ಎಂದವಳು ತೋಟದ ಕಡೆ ಮುಖ ಹಾಕಿರಲಿಲ್ಲ.

ಅಮ್ಮ ಒಂದು ಸಲ ನೋಡಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಚಿಕ್ಕಮ್ಮ ಚಪ್ಪಲಿ ಬಿಟ್ಟು ಸಾಲಿಗೆ ಇಳಿದಳು. ಬಳ್ಳಿಯನ್ನು ಬಿಡಿಸಿ, ಕೋಲನ್ನು ಅಲ್ಲಾಡಿಸಿ ಎಳೆದು, ಮಣ್ಣು ಕೊಡವಿ, ಮುಂದಿನದಕ್ಕೆ ಹೋದಳು. ಮಧ್ಯಾಹ್ನದವರೆಗೆ ಮೂವರೂ ಸೇರಿ ಕಿತ್ತೆವು. ಒಣಗಿದ ಕಾಯಿಗಳು ಕಾಲ ಕೆಳಗೆ ಚಟಚಟ ಎನ್ನುತ್ತಿದ್ದವು. ಕೊನೆಯ ಸಾಲು ಮುಗಿದಾಗ ಕೋಲುಗಳದ್ದೇ ಒಂದು ದೊಡ್ಡ ಹೊರೆಯಾಗಿತ್ತು.

ಚಿಕ್ಕಮ್ಮ ಅದನ್ನು ಎತ್ತಿ ತೋಳಿನಲ್ಲಿ ಹಿಡಿದುಕೊಂಡು, "ಇದನ್ನ ಎಲ್ಲಿ ಇಡ್ಲಿ ಅಕ್ಕಾ?" ಎಂದು ಕೇಳಿದಳು.

ಅಮ್ಮ ಖಾಲಿಯಾದ ಮುಕ್ಕಾಲು ಎಕರೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಎಲ್ಲಾದ್ರೂ ಹಾಕು" ಎಂದಳು.